ಮೂರನೇ ಕಾಲದ ಹತ್ತಿರ ಕೈಬಿಡುವವರು

ಕರ್ನಾಟಕ ಸಂಗೀತದ ಆರಂಭದ ಪಾಠಗಳಾದ ಸರಳೆ ವರಸೆಯಲ್ಲಿ ಮೊದಲನೆಯದನ್ನು ಮೂರನೇ ಕಾಲದಲ್ಲಿ, ಅಂದರೆ ಮೊದಲ ಕಾಲದ ನಾಲ್ಕು ಪಟ್ಟು ವೇಗದಲ್ಲಿ, ಹಾಡುವಾಗ ಒಂದು ಸಣ್ಣ ಎಡವಟ್ಟು ನಡೆಯುತ್ತದೆ. ಸ ರಿ ಗ ಮ ಪ ದ ನಿ ಸ ಹತ್ತಿ, ಸ ನಿ ದ ಪ ಮ ಗ ರಿ ಸ ಇಳಿದು ಷಡ್ಜಕ್ಕೆ ಬಂದು ಮುಟ್ಟುವ ಹೊತ್ತಿಗೆ ಕೈ ಇನ್ನೂ ಮಧ್ಯದ ಬೆರಳಿನ ಎಣಿಕೆಯಲ್ಲೇ ಇರುತ್ತದೆ. ಆದಿತಾಳದ ಒಂದು ಆವರ್ತ, ಅಂದರೆ ಒಂದು ಸುತ್ತು, 8 ಅಕ್ಷರ (ಎಣಿಕೆ). ಅದರಲ್ಲಿ ಅರ್ಧ ಬಾಕಿ. ಲೆಕ್ಕ ಕಷ್ಟದ್ದಲ್ಲ: ಒಟ್ಟು 16 ಸ್ವರ, ಮೂರನೇ ಕಾಲದಲ್ಲಿ ಅಕ್ಷರಕ್ಕೆ 4 ಸ್ವರ, ಹಾಗಾಗಿ 4 ಅಕ್ಷರಕ್ಕೇ ಮುಗಿಯಿತು. ಉಳಿದ 4 ಅಕ್ಷರಕ್ಕೆ ಅದನ್ನೇ ಮತ್ತೊಮ್ಮೆ ಹಾಡಬೇಕು, ನಡುವೆ ಉಸಿರಿಗೂ ಜಾಗ ಬಿಡದೆ. ಹೊಸಬರು ಇಲ್ಲಿ ಕೈಯನ್ನೇ ನಿಲ್ಲಿಸುತ್ತಾರೆ, ಇಲ್ಲವೇ ಕೈಯನ್ನು ಓಡಿಸಿ ಕೊನೆಯ ದ್ರುತಗಳನ್ನು (ಒಂದು ತಟ್ಟು, ಒಂದು ಹುಸಿ ಅಂದರೆ ಕೈ ಮಗುಚುವುದು) ನುಂಗುತ್ತಾರೆ. ಆಮೇಲೆ ಒಂದು ಪೆಚ್ಚು ನಗೆ. ‘ನಂಗೆ ತಾಳ ಬರಲ್ಲ ಬಿಡಿ ಮೇಡಂ’ ಅನ್ನುವ ಮಾತು ಮೊದಲು ಕೇಳಿಬರುವುದು ಇಲ್ಲೇ.

ವಿಜಯದಶಮಿಗೆ ತಟ್ಟೆಯಲ್ಲಿ ಹಣ್ಣುಕಾಯಿ ಇಟ್ಟು ಪಾಠ ಶುರುಮಾಡಿದ ದೊಡ್ಡವರು ಯುಗಾದಿ ಹೊತ್ತಿಗೆ ಒಬ್ಬೊಬ್ಬರಾಗಿ ಕರಗುತ್ತಾರೆ. ಮಕ್ಕಳ ವಿಷಯ ಬೇರೆ. ಅವರನ್ನು ಅಪ್ಪ ಅಮ್ಮ ಎಳೆದುಕೊಂಡು ಬರುತ್ತಾರೆ. ಈ ಬರಹ ಮಗಳನ್ನು ಪಾಠಕ್ಕೆ ಬಿಡಲು ಬಂದು ತಾವೂ ಕೂತ ಅಮ್ಮಂದಿರ, ಬ್ಯಾಂಕಿನಿಂದ ನಿವೃತ್ತರಾಗಿ ಹಳೆಯ ಆಸೆ ತೀರಿಸಿಕೊಳ್ಳಲು ಹೊರಟವರ, ನಲವತ್ತು ದಾಟಿದ ಮೇಲೆ ಶ್ರುತಿಪೆಟ್ಟಿಗೆ ಕೊಂಡ ಆಫೀಸಿನವರ ಬಗ್ಗೆ. ಇವರಲ್ಲಿ ಯಾರೂ ‘ಬಿಟ್ಟೆ’ ಎಂದು ಹೇಳಿ ಬಿಡುವುದಿಲ್ಲ. ಒಂದು ವಾರ ಗಂಟಲು ನೋವು, ಇನ್ನೊಂದು ವಾರ ಮನೆಗೆ ನೆಂಟರು, ಮತ್ತೊಂದು ವಾರ ಆಫೀಸಲ್ಲಿ ಆಡಿಟ್ಟು. ನಾಲ್ಕನೇ ವಾರ ಪಾಠ ಮಾಡುವವರಿಗೆ ಮುಖ ತೋರಿಸಲು ಸಂಕೋಚ. ಅಲ್ಲಿಗೆ ಮುಗಿಯಿತು. ಶ್ರುತಿಪೆಟ್ಟಿಗೆ ಅಟ್ಟ ಸೇರುತ್ತದೆ.

ಇದನ್ನು ಛಲ ಇಲ್ಲದ್ದು, ಆಸಕ್ತಿ ಸತ್ತದ್ದು ಎಂದು ಓದುವುದು ವಾಡಿಕೆ. ಹತ್ತಿರದಿಂದ ನೋಡಿದರೆ ಬಹುಪಾಲು ಜನ ಬಿಡುವುದು ಕಲಿಕೆ ನಿಂತಾಗ ಅಲ್ಲ, ಕಲಿಕೆಯ ಅರ್ಧ ಭಾಗ ಮುಂದೆ ಓಡಿದಾಗ. ಮೊದಲ ತಿಂಗಳು ಹಾಡುವವರಿಗೆ ತಮ್ಮ ರಿಷಭ ಎಲ್ಲಿ ಬೀಳುತ್ತಿದೆ ಎನ್ನುವುದೇ ಕೇಳಿಸುವುದಿಲ್ಲ. ಅದಕ್ಕೇ ಅವರು ಖುಷಿಯಾಗಿರುತ್ತಾರೆ. ನಾಲ್ಕೈದು ತಿಂಗಳು ತಂಬೂರಿಯ ಪಕ್ಕ ಕೂತ ಮೇಲೆ ಕಿವಿ ತೆರೆಯುತ್ತದೆ. ಈಗ ಕೇಳಿಸುತ್ತದೆ, ರಿ ಮೇಲೆ ಹೋಯಿತು, ನಿ ಇಳಿಯಿತು, ಕೊನೆಯ ಸ ಹಿಡಿದಲ್ಲಿ ನಿಲ್ಲಲಿಲ್ಲ. ಕಂಠ ಮಾತ್ರ ಹಳೆಯದೇ. ಕಿವಿಯ ಕೆಲಸ ಗುರುತಿಸುವುದು, ಬೇಗ ಆಗುತ್ತದೆ. ಕಂಠದ ಕೆಲಸ ಸ್ನಾಯು ಪಳಗುವುದು, ನಿಧಾನ. ಈ ಎರಡರ ನಡುವಿನ ಅಂತರ ಅತಿ ಹೆಚ್ಚಿರುವ ತಿಂಗಳುಗಳಲ್ಲಿ ಮನುಷ್ಯನಿಗೆ ಅನ್ನಿಸುವುದು ‘ಮೊದಲೇ ಚೆನ್ನಾಗಿ ಹಾಡುತ್ತಿದ್ದೆ, ಈಗ ಕೆಟ್ಟುಹೋಯಿತು’ ಎಂದು. ಕೆಟ್ಟಿಲ್ಲ. ಮೊದಲೂ ಅಷ್ಟೇ ಇತ್ತು, ಕೇಳಿಸುತ್ತಿರಲಿಲ್ಲ.

ಮಾಯಾಮಾಳವಗೌಳ ಈ ವಿಷಯದಲ್ಲಿ ವಿಶೇಷವಾಗಿ ನಿರ್ದಯಿ. ಮೂಲ ರಾಗಗಳಾದ ಮೇಳಕರ್ತಗಳಲ್ಲಿ ಈ ರಾಗ 15ನೆಯದು. ಆರಂಭದ ಪಾಠಗಳನ್ನು ಇದರಲ್ಲಿ ಕಟ್ಟಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ಮಾತು. ಅವರು ಸುಲಭದ ರಾಗವನ್ನು ಆರಿಸಿಲ್ಲ, ಸಮತೂಕದ ರಾಗವನ್ನು ಆರಿಸಿದ್ದಾರೆ. ಸ-ರಿ ಹತ್ತಿರ, ರಿ-ಗ ದೂರ, ಗ-ಮ ಹತ್ತಿರ. ಮೇಲಿನ ಅರ್ಧದಲ್ಲೂ ಅದೇ ಅಳತೆ, ಪ-ದ ಹತ್ತಿರ, ದ-ನಿ ದೂರ, ನಿ-ಸ ಹತ್ತಿರ. ಕೀಬೋರ್ಡಿನಲ್ಲಿ ಸಿ ಮನೆಯನ್ನು ಷಡ್ಜ ಮಾಡಿಕೊಂಡರೆ ಪಕ್ಕದ ಕಪ್ಪು ಮನೆಯೇ ರಿ. ಗ ಇರುವುದು ಅಲ್ಲಿಂದ ಮೂರು ಮನೆ ಆಚೆ, ಇ ಮೇಲೆ. ನಮ್ಮ ಕಿವಿಯಲ್ಲಿ ಕೂತಿರುವ ಎಷ್ಟೋ ಸಿನಿಮಾ ಹಾಡು, ಭಾವಗೀತೆಗಳು ಶಂಕರಾಭರಣದ ಸ್ವರಗಳ ಮೇಲೆ ನಿಂತವು. ಅಲ್ಲಿ ಗ, ಮ, ಪ, ನಿ ಎಲ್ಲ ಇವೇ. ರಿ ಮತ್ತು ದ ಮಾತ್ರ ಒಂದು ಮನೆ ಮೇಲೆ. ಹಾಗಾಗಿ ಕಂಠ ತನಗೆ ಗೊತ್ತಿರುವ ದಾರಿ ಹಿಡಿದು ರಿಯನ್ನು ಎತ್ತುತ್ತದೆ. ರಿ ಎತ್ತಿದ ತಪ್ಪಿಗೆ ಗ ತಗ್ಗುತ್ತದೆ, ಏಕೆಂದರೆ ನಡುವಿನ ಆ ದೊಡ್ಡ ಜಿಗಿತಕ್ಕೆ ಧೈರ್ಯ ಸಾಲುವುದಿಲ್ಲ. ಹೀಗೆ ಎರಡು ಸ್ವರ ಹಾಳಾದದ್ದಕ್ಕೆ ಕಾರಣ ಒಂದೇ ಸ್ವರ.

ಪರೀಕ್ಷೆ ಮಾಡುವ ಬಗೆ ಹೀಗೆ. ತಂಬೂರಿ ಹಾಕಿ ಸ ಹಿಡಿಯಿರಿ, ಎರಡು ಎಣಿಕೆ. ರಿಗೆ ಹೋಗಿ, ಎರಡು ಎಣಿಕೆ. ಮತ್ತೆ ಸ. ರಿಯಲ್ಲಿರುವಾಗ ತಂಬೂರಿಯ ಷಡ್ಜಕ್ಕೂ ನಿಮ್ಮ ದನಿಗೂ ಒಂದು ಉಜ್ಜಾಟ ಕೇಳಿಸಬೇಕು, ಹಿತವಲ್ಲದ, ಒರಟಾದ ಉಜ್ಜಾಟ. ಕೇಳಲು ಹಾಯಾಗಿದ್ದರೆ ರಿ ಮೇಲೆ ಹೋಗಿದೆ ಎಂದೇ ಅರ್ಥ. ವಿಚಿತ್ರ ಆದರೆ ನಿಜ: ಇಲ್ಲಿ ಸರಿಯಾದದ್ದು ಒರಟಾಗಿ ಕೇಳುತ್ತದೆ. ಫೋನಿನಲ್ಲಿ ಟ್ಯೂನರ್ ಹಾಕಿ ಮುಳ್ಳನ್ನೇ ನೋಡುತ್ತ ಹಾಡುವವರಿದ್ದಾರೆ. ವಾರಕ್ಕೊಮ್ಮೆ ತಾಳೆ ನೋಡಲು ಸರಿ, ದಿನವೂ ಬೇಡ. ಕಣ್ಣು ಕೆಲಸ ಮಾಡಿದರೆ ಕಿವಿ ನಿದ್ದೆ ಹೋಗುತ್ತದೆ.

ಬಿಡಬೇಕು ಅನ್ನಿಸಿದ ದಿನ ಮನಸ್ಸನ್ನು ತಿವಿಯುವ ಮೊದಲು ಶ್ರುತಿಪೆಟ್ಟಿಗೆಯ ಮನೆ, ಅಂದರೆ ನಿಮ್ಮ ಷಡ್ಜದ ಎತ್ತರ, ನೋಡಿ. ‘ನನಗೆ ದನಿ ಇಲ್ಲ’ ಎಂದು ನಂಬಿಕೊಂಡವರಲ್ಲಿ ದೊಡ್ಡ ಪಾಲು ತಮ್ಮದಲ್ಲದ ಶ್ರುತಿಯಲ್ಲಿ ಹಾಡುತ್ತಿರುತ್ತಾರೆ. ಗುಂಪಿನ ಪಾಠದಲ್ಲಿ ಇದು ಸಾಮಾನ್ಯ. ಹತ್ತು ಹೆಂಗಸರ ಜೊತೆ ಇಬ್ಬರು ಗಂಡಸರು ಕೂತಿದ್ದರೆ ಶ್ರುತಿ ಹೆಂಗಸರದ್ದು, ಗಂಡಸರು ಒಂದೋ ಕೆಳಗಿನ ಸ್ಥಾಯಿಯಲ್ಲಿ ಗೊಣಗುತ್ತಾರೆ, ಇಲ್ಲವೇ ಕತ್ತಿನ ನರ ಉಬ್ಬಿಸಿ ಮೇಲೆ ಹತ್ತುತ್ತಾರೆ. ನಿಮ್ಮ ಶ್ರುತಿ ಗೊತ್ತಾಗಲು ಮಂದ್ರದ ಪಂಚಮ ಮತ್ತು ತಾರದ ಗಾಂಧಾರ ಎರಡನ್ನೂ ಮುಟ್ಟಿ ನೋಡಿ. ಕೆಳಗಿನ ಪ ಬರೀ ಗಾಳಿಯಾಗದೆ ಕೇಳಿಸಬೇಕು, ಮೇಲಿನ ಗ ಕಿರುಚದೆ ಬರಬೇಕು. ಎರಡೂ ಸಿಕ್ಕ ಮನೆಯೇ ನಿಮ್ಮದು. ಗಂಡಸರಿಗೆ ಇದು ಸಾಮಾನ್ಯವಾಗಿ ಸಿ, ಡಿ ಆಸುಪಾಸಿನಲ್ಲಿ, ಹೆಂಗಸರಿಗೆ ಎಫ್ ದಾಟಿ ಎ ವರೆಗೆ ಎಲ್ಲಾದರೂ ಬರುತ್ತದೆ. ಅರ್ಧ ಮನೆ ಇಳಿಸಿದ್ದಕ್ಕೇ ಗಂಟಲು ನೋವು ನಿಂತು, ಗಂಟಲು ನೋವು ನಿಂತದ್ದಕ್ಕೇ ಪಾಠ ಮುಂದುವರಿದವರು ಬೇಕಾದಷ್ಟು ಜನ. ದೊಡ್ಡ ಗಾಯಕರ ಶ್ರುತಿ ನೋಡಿ ಅದೇ ಬೇಕೆಂದು ಹಟ ಹಿಡಿಯುವುದು ಇನ್ನೊಬ್ಬರ ಚಪ್ಪಲಿ ಮೆಟ್ಟಿ ಬೆಟ್ಟ ಹತ್ತಿದಂತೆ.

ಆಮೇಲೆ ತಂಬೂರಿಯ ಸದ್ದು. ಫೋನಿನ ಆ್ಯಪ್‌ನಲ್ಲಿ ತಂಬೂರಿ ಹಾಕಿ ಫೋನನ್ನು ಹಾಸಿಗೆ ಮೇಲೆ ಒಗೆದರೆ ನಿಮ್ಮ ದನಿ ಶುರುವಾದ ಕೂಡಲೇ ಅದು ಮುಳುಗುತ್ತದೆ. ಆಧಾರವೇ ಕೇಳಿಸದೆ ಹಾಡಿದ ಮೇಲೆ ಶ್ರುತಿ ಜಾರದೆ ಏನು ಮಾಡೀತು? ಒಂದು ಸ್ಪೀಕರಿಗೆ ಜೋಡಿಸಿ, ಕಿವಿಯ ಎತ್ತರಕ್ಕೆ, ಎರಡು ಮೂರು ಅಡಿ ದೂರ ಇಡಿ. ನೀವು ಹಾಡುತ್ತಿರುವಾಗಲೂ ಅದು ಕೇಳಿಸಬೇಕು. ಹೆಡ್‌ಫೋನ್ ಎರಡೂ ಕಿವಿಗೆ ಹಾಕಿದರೆ ನಿಮ್ಮ ದನಿಯೇ ನಿಮಗೆ ಕೇಳಿಸದೆ ಗಟ್ಟಿಯಾಗಿ ಕೂಗುತ್ತೀರಿ. ಹಾಕಲೇಬೇಕಾದರೆ ಒಂದು ಕಿವಿಗೆ ಮಾತ್ರ.

ಕೂರುವ ಭಂಗಿ, ಉಸಿರು ಇವನ್ನೆಲ್ಲ ಎಲ್ಲರೂ ಹೇಳುತ್ತಾರೆ, ಬಿಡೋಣ. ಹೊತ್ತಿನ ಬಗ್ಗೆ ಮಾತ್ರ ಒಂದು ಮಾತು. ಬೆಳಗಿನ ಜಾವದ ಸಾಧನೆ ಒಳ್ಳೆಯದೇ, ಆದರೆ ಎದ್ದ ಹತ್ತೇ ನಿಮಿಷಕ್ಕೆ ತಾರಸ್ಥಾಯಿ ಮುಟ್ಟಲು ಹೋದರೆ ದನಿ ಒಡೆಯುತ್ತದೆ. ಬೆಳಿಗ್ಗೆ ಮಂದ್ರದಿಂದ ಮಧ್ಯದ ಪಂಚಮದವರೆಗೆ ಸಾಕು. ಐದಕ್ಕೆ ಏಳಲಾಗದವರು ಅದೊಂದೇ ಕಾರಣಕ್ಕೆ ಸಂಗೀತ ಬಿಡುತ್ತಾರೆ. ಸಂಜೆ ಏಳಕ್ಕೆ, ಕುಕ್ಕರ್ ಇಟ್ಟು ಮೂರು ವಿಷಲ್ ಬರುವುದರೊಳಗೆ ಸ ಪ ಸ ಹಿಡಿದರೂ ಅದು ಸಾಧನೆಯೇ.

ಈಗ ಸಮಯದ ಲೆಕ್ಕ. ಇಲ್ಲಿ ಬಹಳ ಜನ ತಮಗೇ ಗೊತ್ತಿಲ್ಲದೆ ಮೋಸ ಹೋಗುತ್ತಾರೆ. ನಿಮಿಷಕ್ಕೆ 40 ಅಕ್ಷರದ ನಡೆಯಲ್ಲಿ ಒಂದು ವರಸೆಯನ್ನು, 32 ಸ್ವರದ್ದು ಎಂದಿಟ್ಟುಕೊಳ್ಳಿ, ಮೊದಲ ಕಾಲದಲ್ಲಿ ಹಾಡಲು 48 ಸೆಕೆಂಡು, ಎರಡನೆಯದಕ್ಕೆ 24, ಮೂರನೆಯದಕ್ಕೆ 12. ಒಟ್ಟು 84 ಸೆಕೆಂಡು. ವರಸೆಗಳು 14. ಎಲ್ಲವನ್ನೂ ಸಾಲಾಗಿ ಒಂದು ಸಲ ಹಾಡಿ ಮುಗಿಸಲು ಹತ್ತಿರ ಹತ್ತಿರ 20 ನಿಮಿಷ. ದಿನಕ್ಕೆ 20 ನಿಮಿಷ ಇರುವವರು ದಿನವೂ ಇದನ್ನೇ ಮಾಡುತ್ತಾರೆ. ಒಂದರಿಂದ ಹದಿನಾಲ್ಕು, ಸಹಸ್ರನಾಮ ಪಾರಾಯಣದ ಹಾಗೆ. ಇದರಲ್ಲಿ ಯಾವ ತಪ್ಪಿಗೂ ಎರಡನೇ ಅವಕಾಶ ಇಲ್ಲ. ಎಡವಿದ ಜಾಗದಲ್ಲಿ ಎಡವಿ, ಮುಂದೆ ಹೋಗಿ, ಮಾರನೇ ದಿನ ಅದೇ ಜಾಗದಲ್ಲಿ ಎಡವುತ್ತಾರೆ. ಆರು ತಿಂಗಳು ಹೀಗೆ ಮಾಡಿದವರು ಕಲಿಯುವುದು ವರಸೆಯನ್ನಲ್ಲ, ಆ ಎಡವುವಿಕೆಯನ್ನು. ಕೊನೆಗೆ ‘ದಿನಾ ಹಾಡ್ತೀನಿ, ಆದ್ರೂ ಬರ್ತಿಲ್ಲ’ ಎಂಬ ನಿರಾಸೆ. ಪಾಪ, ಆ ಮಾತು ಸುಳ್ಳಲ್ಲ.

ಅದೇ 20 ನಿಮಿಷವನ್ನು ಬೇರೆ ಥರ ಹಂಚಬಹುದು. ಮೊದಲ 4 ನಿಮಿಷ ಬರೀ ಸ, ಪ, ಮೇಲಿನ ಸ, ಅಕಾರದಲ್ಲಿ, ಒಂದೊಂದು ಉಸಿರಿಗೆ ಒಂದೊಂದು ಸ್ವರ. ಮುಂದಿನ 10 ನಿಮಿಷ ಒಂದೇ ಒಂದು ವರಸೆಗೆ, ಅದರಲ್ಲೂ ಎಡವುವ ನಾಲ್ಕೈದು ಸ್ವರಕ್ಕೆ. ಆಮೇಲೆ 4 ನಿಮಿಷ ಚೆನ್ನಾಗಿ ಬರುವ ಯಾವುದಾದರೂ ಹಳೆಯ ಪಾಠ. ಕೊನೆಯ 2 ನಿಮಿಷ ಕಣ್ಣು ಮುಚ್ಚಿ ತಂಬೂರಿ ಕೇಳುವುದು. ಚೆನ್ನಾಗಿ ಬರುವ ಪಾಠವನ್ನು ಕೊನೆಗಿಡುವುದರ ಹಿಂದೆ ಉಪಾಯ ಇದೆ. ಎಡವಿದ ಜಾಗದಲ್ಲೇ ಪುಸ್ತಕ ಮುಚ್ಚಿ ಎದ್ದರೆ ನಾಳೆ ಕೂರಲು ಮನಸ್ಸು ಬರುವುದಿಲ್ಲ. ಊಟ ಮೊಸರನ್ನದಲ್ಲಿ ಮುಗಿಯಬೇಕು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಏಳನೇ ವರಸೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸ ರಿ ಗ ಮ ಪ ದ ನಿ, ಆಮೇಲೆ ಒಂದು ಕಾರ್ವೆ. ಎಂಟನೇ ಅಕ್ಷರಕ್ಕೆ ಸ್ವರ ಇಲ್ಲ, ನಿಷಾದದ ಮೇಲೇ ನಿಲ್ಲಬೇಕು. ಕಾಕಲಿ ನಿಷಾದ ಮೇಲಿನ ಷಡ್ಜದ ಹೊಸಲಲ್ಲೇ ನಿಂತಿರುವ ಸ್ವರ. ಒಂದು ಅಕ್ಷರ ಹೆಚ್ಚು ನಿಂತರೆ ಕಾಲು ಒಳಗಿಡುವ ಆಸೆ. ಹೊಸಬರ ನಿ ಆ ಕಾರ್ವೆಯಲ್ಲಿ ಮೆಲ್ಲಗೆ ಸ ಆಗಿಬಿಡುತ್ತದೆ, ಅವರಿಗೆ ತಿಳಿಯುವುದೇ ಇಲ್ಲ. ಕೆಲವರದ್ದು ತಿರುಗುಮುರುಗು, ಉಸಿರು ಮುಗಿದು ನಿ ತಗ್ಗುತ್ತದೆ. ಮದ್ದು ಬೇರೆ ಬೇರೆ. ಮೇಲೆ ಜಾರುವವರು ಸ ನಿ ಸ, ಸ ನಿ ಎಂದು ಮೇಲಿನಿಂದ ಇಳಿದು ನಿಯಲ್ಲಿ ನಿಲ್ಲುವುದನ್ನು 20 ಸಲ ಮಾಡಲಿ. ತಗ್ಗುವವರು ಪ ದ ನಿ ಮಾತ್ರ ಹೊಸ ಉಸಿರಿನಲ್ಲಿ ಹಾಡಲಿ. ಅವರ ತೊಂದರೆ ಸ್ವರದ್ದಲ್ಲ, ಉಸಿರಿನದ್ದು. ಪೂರ್ತಿ ಸಾಲನ್ನು ಐವತ್ತು ಸಲ ಹಾಡಿದರೂ ಈ ಎರಡನ್ನು ಬೇರೆ ಮಾಡಿ ನೋಡಲಾಗುವುದಿಲ್ಲ.

ಜಂಟಿ ವರಸೆಗೆ ಬಂದರೆ ಇನ್ನೊಂದು ಬಗೆಯ ದಣಿವು. ಸಸ ರಿರಿ ಗಗ ಮಮ ಎಂದಾಗ ಎರಡನೆಯ ಸ್ವರಕ್ಕೆ ಕೆಳಗಿನ ಸ್ವರವನ್ನು ತಾಕಿಸಿ ಒಂದು ಒತ್ತು ಕೊಡಬೇಕು. ಆ ಒತ್ತು ಹೊಟ್ಟೆಯಿಂದ ಬರಬೇಕು. ಗಂಟಲಿಂದ ಕೊಟ್ಟರೆ ಹತ್ತು ನಿಮಿಷಕ್ಕೆ ಕೆಮ್ಮು. ಕೈಯನ್ನು ಹೊಟ್ಟೆ ಮೇಲಿಟ್ಟುಕೊಂಡು ಹಾಡಿದರೆ ಯಾವುದು ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತದೆ. ಪ್ರತಿ ಒತ್ತಿಗೂ ಕೈಗೆ ಒಂದು ಸಣ್ಣ ತಳ್ಳು ಸಿಗಬೇಕು. ಜಂಟಿ ಕಲಿಯುವಾಗ ಗಂಟಲು ನೋವು ಬಂದರೆ ಅದು ಕಷ್ಟಪಟ್ಟು ಸಾಧನೆ ಮಾಡಿದ ಗುರುತಲ್ಲ, ತಪ್ಪು ಮಾಡಿದ ಗುರುತು. ನೋವು ನುಂಗಿಕೊಂಡು ಮುಂದುವರಿಯುವ ಶೂರತನ ಇಲ್ಲಿ ಬೇಡ.

ವೇಗದ ಬಗ್ಗೆಯೂ ಹೀಗೇ. ಪಾಠದಲ್ಲಿ ಮೇಷ್ಟ್ರು ನಿಮಿಷಕ್ಕೆ 60ರ ನಡೆಯಲ್ಲಿ ತಾಳ ಹಾಕಿದರೆ ಮೂರನೇ ಕಾಲದಲ್ಲಿ ಸೆಕೆಂಡಿಗೆ 4 ಸ್ವರ ಆಯಿತು. ಮನೆಗೆ ಬಂದು ಅದನ್ನೇ ಹಿಡಿಯಲು ಹೋಗುತ್ತಾರೆ, ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಅವಲಕ್ಕಿ ನೆನೆದಂತಾಗುತ್ತವೆ. ಮೆಟ್ರೋನೋಮನ್ನು 40ಕ್ಕೆ ಇಳಿಸಿದರೆ ಅದೇ ಮೂರನೇ ಕಾಲ ಸೆಕೆಂಡಿಗೆ ಮೂರಕ್ಕೂ ಕಡಿಮೆ. ಅಲ್ಲಿ ಮೂರು ಸಲ ಸತತವಾಗಿ ತಪ್ಪಿಲ್ಲದೆ ಬಂದರೆ 44. ಮತ್ತೆ ಮೂರು ಸಲ ಬಂದರೆ 48. ಎಲ್ಲಾದರೂ ಎರಡು ಸಲ ಎಡವಿದರೆ ಒಂದಲ್ಲ, ಎರಡು ಮೆಟ್ಟಿಲು ಇಳಿಯಿರಿ. ಇಳಿಯುವಾಗ ಅವಮಾನ ಅನ್ನಿಸುತ್ತದೆ. ಇಳಿಯಲು ಒಪ್ಪದವರೇ ಬಿಡುವವರಲ್ಲಿ ಮೊದಲಿಗರು, ಅದರಲ್ಲೂ ತಮ್ಮ ಕೆಲಸದಲ್ಲಿ ಹೆಸರು ಮಾಡಿದವರು. ಇಪ್ಪತ್ತು ವರ್ಷದಿಂದ ಯಾವುದರಲ್ಲೂ ದಡ್ಡರಾಗದೆ ಬದುಕಿದವರಿಗೆ ಎಂಟು ವರ್ಷದ ಹುಡುಗಿಯ ಪಕ್ಕ ಕೂತು ತಾಳ ತಪ್ಪುವುದು ದೊಡ್ಡ ಪೆಟ್ಟು. ಮೂರನೇ ಕಾಲದ ವೇಗಕ್ಕಿಂತ ಇದು ಕಷ್ಟ, ನಿಜ ಹೇಳಬೇಕೆಂದರೆ.

ವಾರಗಟ್ಟಲೆ ಅದೇ 52ರಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕೂ ಒಂದು ಇತಿಹಾಸ ಇದೆ. 1897ರಲ್ಲಿ ಅಮೆರಿಕದ ಬ್ರಯನ್ ಮತ್ತು ಹಾರ್ಟರ್ ಎಂಬಿಬ್ಬರು ತಂತಿ ಕಚೇರಿಗಳಲ್ಲಿ ಮೋರ್ಸ್ ಸಂಕೇತ ಕಲಿಯುವವರ ವೇಗವನ್ನು ವಾರವಾರ ಅಳೆದು ಪ್ರಕಟಿಸಿದರು. ಸಂದೇಶ ಕಳಿಸುವ ವೇಗ ಸಮನಾಗಿ ಏರುತ್ತಿತ್ತು. ಕೇಳಿ ಬರೆದುಕೊಳ್ಳುವ ವೇಗ ಮಾತ್ರ ಒಂದು ಹಂತಕ್ಕೆ ಬಂದು ವಾರಗಟ್ಟಲೆ ಅಲುಗದೆ ನಿಂತು, ಆಮೇಲೆ ಇದ್ದಕ್ಕಿದ್ದಂತೆ ಏರಿತು. ಅವರು ಕೊಟ್ಟ ವಿವರಣೆ ಹೀಗಿತ್ತು: ನಿಂತಂತೆ ಕಂಡ ಆ ವಾರಗಳಲ್ಲಿ ಕಲಿಯುವವರು ಅಕ್ಷರಗಳನ್ನು ಬಿಡಿಬಿಡಿಯಾಗಿ ಕೇಳುವುದರಿಂದ ಪದಗಳನ್ನು ಇಡಿಯಾಗಿ ಕೇಳುವುದಕ್ಕೆ ದಾಟುತ್ತಿದ್ದರು. ಸ್ವರಕ್ಕೂ ಇದು ಚೆನ್ನಾಗಿ ಒಪ್ಪುತ್ತದೆ. ಸ, ರಿ, ಗ, ಮ ಎಂದು ನಾಲ್ಕು ಸ್ವರ ಯೋಚಿಸುವವರಿಗೆ ಸೆಕೆಂಡಿಗೆ ನಾಲ್ಕು ತುಂಬಾ ಹೆಚ್ಚು. ‘ಸರಿಗಮ’ ಒಂದು ಪದವಾಗಿಬಿಟ್ಟರೆ ಸೆಕೆಂಡಿಗೆ ಒಂದೇ ಪದ ತಾನೆ. ಇದನ್ನು ಬೇಗ ತರಿಸಬೇಕೆಂದರೆ ಸ್ವರಗಳನ್ನು ನಾಲ್ಕರ ಗುಂಪಾಗಿ ಪುಸ್ತಕದಲ್ಲಿ ಕೈಯಿಂದಲೇ ಬರೆದುಕೊಳ್ಳಿ, ಗುಂಪಿನ ಮೊದಲ ಸ್ವರದ ಕೆಳಗೆ ಗೆರೆ ಎಳೆಯಿರಿ, ಹಾಡುವಾಗ ಗೆರೆ ಎಳೆದದ್ದನ್ನು ಮಾತ್ರ ಮನಸ್ಸಿನಲ್ಲಿ ಹಿಡಿಯಿರಿ. ಮೊದಲ ವರಸೆಗೆ ಅವು ನಾಲ್ಕೇ, ಸ, ಪ, ಸ, ಮ. ಶುರುವಿನಲ್ಲಿ ಹೇಳಿದ ಆ ಅರ್ಧ ಆವರ್ತದ ತೊಡಕೂ ಇದರಿಂದ ಬಿಡಿಸಿಕೊಳ್ಳುತ್ತದೆ. ತಟ್ಟಿಗೆ ಸ, ಕಿರುಬೆರಳಿಗೆ ಪ, ಉಂಗುರದ ಬೆರಳಿಗೆ ಮೇಲಿನ ಸ, ನಡುಬೆರಳಿಗೆ ಮ. ದ್ರುತದ ತಟ್ಟಿಗೆ ಮತ್ತೆ ಸ, ಹುಸಿಗೆ ಪ, ತಟ್ಟಿಗೆ ಮೇಲಿನ ಸ, ಹುಸಿಗೆ ಮ. ಮೊದಲು ಉಳಿದ ಸ್ವರ ಬಿಟ್ಟು ಈ ನಾಲ್ಕನ್ನೇ ತಾಳಕ್ಕೆ ಕೂರಿಸಿ ಹತ್ತು ಸಲ ಹೇಳಿ, ಆಮೇಲೆ ನಡುವೆ ತುಂಬಿಸಿ.

ರೆಕಾರ್ಡಿಂಗ್ ಎರಡು ಅಲುಗಿನ ಕತ್ತಿ. ಹಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದಲೂ ಬರುತ್ತದೆ, ತಲೆಯ ಮೂಳೆಯಿಂದಲೂ ಬರುತ್ತದೆ. ಮೂಳೆಯ ದಾರಿ ಅದಕ್ಕೆ ಗಾಂಭೀರ್ಯ ಕೊಡುತ್ತದೆ. ಫೋನಿನಲ್ಲಿ ಕೇಳಿದಾಗ ಆ ಪಾಲು ಇಲ್ಲ, ದನಿ ತೆಳ್ಳಗೆ ಯಾರದ್ದೋ ಎಂಬಂತೆ ಕೇಳುತ್ತದೆ. ಮೊದಲ ರೆಕಾರ್ಡಿಂಗ್ ಕೇಳಿದ ರಾತ್ರಿಯೇ ಸಂಗೀತಕ್ಕೆ ಕೈಮುಗಿದವರಿದ್ದಾರೆ. ಆದ್ದರಿಂದ ರೆಕಾರ್ಡ್ ಮಾಡಿ, ಆದರೆ ಅಂದೇ ಕೇಳಬೇಡಿ. ತಿಂಗಳ ಮೊದಲನೇ ಭಾನುವಾರ ಒಂದೇ ವರಸೆಯನ್ನು ಅದೇ ಶ್ರುತಿ, ಅದೇ ನಡೆಯಲ್ಲಿ ಹಾಡಿ ದಿನಾಂಕ ಹಾಕಿ ಇಡಿ. ಮೂರು ತಿಂಗಳಾದ ಮೇಲೆ ಮೊದಲನೆಯದನ್ನೂ ಮೂರನೆಯದನ್ನೂ ಒಂದರ ಹಿಂದೊಂದು ಕೇಳಿ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಸಿಗುವುದಿಲ್ಲ, ಸಿಕ್ಕರೂ ಅದು ನಿದ್ದೆಯದ್ದೋ ನೆಗಡಿಯದ್ದೋ.

ದಿನ ತಪ್ಪುವುದರ ಬಗ್ಗೆ ನಮ್ಮಲ್ಲಿ ಒಂದು ಗದರಿಕೆ ಇದೆ, ಒಂದು ದಿನ ಬಿಟ್ಟರೆ ತನಗೆ ಗೊತ್ತಾಗುತ್ತದೆ, ಎರಡು ದಿನ ಬಿಟ್ಟರೆ ಗುರುವಿಗೆ, ಮೂರು ದಿನ ಬಿಟ್ಟರೆ ಊರಿಗೆ ಎಂದು. ಕಛೇರಿ ಮಾಡುವವರಿಗೆ ಅದು ಸರಿ. ಜಂಟಿ ವರಸೆಯಲ್ಲಿರುವವರಿಗೆ ಈ ಮಾತು ಹಾನಿ ಮಾಡುತ್ತದೆ. ಸರಪಳಿ ಒಮ್ಮೆ ಕಡಿದರೆ ಪೂರ್ತಿ ಬಿಟ್ಟೇಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಹಿಡಿದದ್ದು ಮಧ್ಯದ ಅಂಕಿಯಾಗಿ 66 ದಿನ. ಕೆಲವರಿಗೆ 18, ಕೆಲವರಿಗೆ 254ರಷ್ಟು ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದ್ದು ಹೇಳಿಕೊಳ್ಳುವಂಥ ನಷ್ಟ ಮಾಡಲಿಲ್ಲ. ಅವರು ನೋಡಿದ್ದು ಊಟದ ಜೊತೆ ಹಣ್ಣು ತಿನ್ನುವಂಥ ಸಣ್ಣ ಅಭ್ಯಾಸಗಳನ್ನು, ಸಂಗೀತವನ್ನಲ್ಲ. ಆದರೂ ಶ್ರುತಿಪೆಟ್ಟಿಗೆ ಮುಂದೆ ಹೋಗಿ ಕೂರುವುದು ಅಂಥದ್ದೇ ಸಣ್ಣ ಅಭ್ಯಾಸ. ಕೂತ ಮೇಲೆ ನಡೆಯುವುದು ಬೇರೆ. ಹಾಗಾಗಿ ತೀರಾ ಆಗದ ದಿನಕ್ಕೆಂದು ಎರಡು ನಿಮಿಷದ ಪಾಠ ಒಂದನ್ನು ಮೊದಲೇ ಗೊತ್ತುಮಾಡಿ ಇಟ್ಟುಕೊಳ್ಳಿ: ಸ, ಪ, ಮೇಲಿನ ಸ, ಪ, ಸ, ಮೂರು ಸುತ್ತು. ಅಷ್ಟಾದರೆ ಆ ದಿನದ ಲೆಕ್ಕ ಚುಕ್ತಾ. ‘ನಾಳೆ ಎರಡು ದಿನದ್ದೂ ಸೇರಿಸಿ 40 ನಿಮಿಷ ಹಾಡುತ್ತೇನೆ’ ಎಂಬ ಸಾಲದ ವ್ಯವಹಾರ ಬೇಡ. ಅದು ತೀರುವುದಿಲ್ಲ, ಬಡ್ಡಿ ಬೆಳೆಯುತ್ತದೆ.

ನೆಗಡಿ, ಗಂಟಲು ಕಟ್ಟಿದಾಗ ಬಾಯಿ ಮುಚ್ಚಿ. ಪಿಸುಮಾತೂ ಗಂಟಲಿಗೆ ವಿಶ್ರಾಂತಿಯಲ್ಲ. ಆಗ ಬರೀ ಕೈ. ವರಸೆಗಳ ನಂತರದ ಪಾಠಗಳಾದ ಅಲಂಕಾರಗಳ ಏಳು ತಾಳಗಳನ್ನು ಹಾಕಿಕೊಂಡು ಕೂರಬಹುದು: ಧ್ರುವಕ್ಕೆ 14 ಅಕ್ಷರ, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. ಝಂಪೆಯ ಏಳೆಣಿಕೆಯ ಲಘುವಿನಲ್ಲಿ (ಒಂದು ತಟ್ಟು, ಉಳಿದದ್ದು ಬೆರಳೆಣಿಕೆ) ಬೆರಳು ಎಲ್ಲಿದೆ ಎಂದು ಮರೆಯುವುದು ಎಲ್ಲರಿಗೂ ಆಗುತ್ತದೆ. ಐದು ಬೆರಳು ಮುಗಿದ ಮೇಲೆ ಮತ್ತೆ ಕಿರುಬೆರಳಿಗೆ ಬರಬೇಕು. ಗಂಟಲು ಸರಿಯಿರುವಾಗ ಯಾರೂ ಇದಕ್ಕೆ ಸಮಯ ಕೊಡುವುದಿಲ್ಲ. ದನಿಯ ಒಡಕು ಮೂರು ವಾರ ದಾಟಿದರೆ ಮಾತ್ರ ಮೆಣಸಿನ ಕಷಾಯ ನಂಬಿಕೊಂಡು ಕೂರದೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.

ದನಿಯೇ ಬದಲಾಗಿಹೋದರೂ ಹಾಡಿದವರು ನಮ್ಮ ಹುಬ್ಬಳ್ಳಿಯಲ್ಲೇ ಇದ್ದರು. ಗಂಗೂಬಾಯಿ ಹಾನಗಲ್ (1913–2009) ಅವರದ್ದು ಮೊದಲು ತೆಳುವಾದ, ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಡಸಾಗಿ ಕೆಳಗಿಳಿಯಿತು. ಅವರು ಹಳೆಯ ದನಿಯನ್ನು ಹುಡುಕಿಕೊಂಡು ಹೋಗಲಿಲ್ಲ, ಸಿಕ್ಕ ದನಿಯಲ್ಲೇ ಹಾಡಿದರು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಅಲ್ಲಿ ಸಿಗುತ್ತಿದ್ದದ್ದು ರಾಗಗಳ ರಾಶಿಯಲ್ಲ, ಕೆಲವೇ ರಾಗಗಳನ್ನು ಮತ್ತೆ ಮತ್ತೆ ತಿದ್ದುವ ಪಾಠ.

ದೂರದ ಊರುಗಳಿಂದ ವೀಡಿಯೊ ಕರೆಯಲ್ಲಿ ಕಲಿಯುವ ಕನ್ನಡಿಗರಿಗೆ ಒಂದೆರಡು ಹೆಚ್ಚಿನ ತೊಡಕು. ಡಲ್ಲಾಸಿನಲ್ಲಿ ಕೂತು ಮೈಸೂರಿನ ಮೇಡಂ ಜೊತೆ ಏಕಕಾಲಕ್ಕೆ ಹಾಡಲಾಗುವುದಿಲ್ಲ. ದನಿ ಹೋಗಿಬರುವ ವಿಳಂಬದಿಂದ ಇಬ್ಬರ ತಾಳವೂ ಸೇರುವುದಿಲ್ಲ. ಶಿಷ್ಯರು ತಮ್ಮದೇ ತಪ್ಪು ಎಂದುಕೊಂಡು ನಡೆಯನ್ನು ಎಳೆಯುತ್ತಾರೆ, ಆ ಕಡೆಯವರಿಗೆ ಅದು ಇನ್ನೂ ಹಿಂದೆ ಬಿದ್ದಂತೆ ಕೇಳುತ್ತದೆ. ಅವರು ಹಾಡಲಿ, ನೀವು ಮ್ಯೂಟ್ ಮಾಡಿಕೊಂಡು ಜೊತೆಗೆ ಹಾಡಿ. ಆಮೇಲೆ ನೀವೊಬ್ಬರೇ ಹಾಡಿ, ಅವರು ಸುಮ್ಮನೆ ಕೇಳಲಿ. ಇನ್ನೊಂದು, ಈ ಕರೆಗಳ ತಂತ್ರಾಂಶ ಎಡೆಬಿಡದೆ ಬರುವ ಸದ್ದನ್ನು ಫ್ಯಾನಿನ ಗದ್ದಲ ಎಂದು ತಿಳಿದು ಅಳಿಸುತ್ತದೆ. ತಂಬೂರಿಯೂ ಅದಕ್ಕೆ ಫ್ಯಾನೇ. ಉದ್ದಕ್ಕೆ ಹಿಡಿದ ಷಡ್ಜವೂ ತುಂಡಾಗುತ್ತದೆ. ಝೂಮ್‌ನಲ್ಲಾದರೆ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬುದನ್ನು ಎರಡೂ ಕಡೆ ಹಾಕಿಕೊಳ್ಳಬೇಕು. ಇದು ತಿಳಿಯದೆ ‘ನಿಮ್ಮ ಕಾರ್ವೆ ನಿಲ್ಲುತ್ತಿಲ್ಲ’ ಎಂದು ತಿಂಗಳುಗಟ್ಟಲೆ ಬೈಸಿಕೊಂಡವರು ಉಂಟು.

ಬಿಡುವುದು ಯಾವಾಗಲೂ ತಪ್ಪು ಎಂದಲ್ಲ. ಆರು ತಿಂಗಳಾದರೂ ಒಂದು ಸಲವೂ ನಿಮ್ಮನ್ನು ಒಬ್ಬರನ್ನೇ ಹಾಡಿಸಿ ಕೇಳದ ಪಾಠವನ್ನು ಬಿಟ್ಟು ಬೇರೆ ಕಡೆ ಹೋಗಬಹುದು, ಗುರುದ್ರೋಹವೇನಲ್ಲ. ಹಾಡುವುದಕ್ಕಿಂತ ಕೈಯಲ್ಲಿ ನುಡಿಸುವ ಆಸೆಯೇ ದೊಡ್ಡದು ಎಂದು ಗೊತ್ತಾದರೆ ವೀಣೆಗೆ ಹೋಗಬಹುದು. ಕಲಿತ ತಾಳ, ಸ್ವರ ಯಾವುದೂ ವ್ಯರ್ಥವಾಗುವುದಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದು ತಲೆ ಎತ್ತಲಾಗದ ವರ್ಷ ‘ಮೂರು ತಿಂಗಳು ಬಿಟ್ಟು ಬರುತ್ತೇನೆ’ ಎಂದು ತಾರೀಕು ಹೇಳಿ ನಿಲ್ಲಿಸಬಹುದು. ತಾರೀಕು ಹೇಳಿ ನಿಲ್ಲಿಸುವುದಕ್ಕೂ ಫೋನ್ ಎತ್ತದೆ ನಿಲ್ಲಿಸುವುದಕ್ಕೂ ಬಹಳ ವ್ಯತ್ಯಾಸ. ಮೊದಲನೆಯವರು ವಾಪಸ್ ಬರುತ್ತಾರೆ. ತೀರ್ಮಾನವನ್ನು ಮಾತ್ರ ಎಡವಿದ ದಿನ ತೆಗೆದುಕೊಳ್ಳಬೇಡಿ. ಪಾಠ ಚೆನ್ನಾಗಿ ಆದ ದಿನವೂ ಬಿಡಬೇಕು ಅನ್ನಿಸಿದರೆ ಆಗ ಯೋಚಿಸಿ.

ಅಲಂಕಾರಗಳು ಮುಗಿದ ಮೇಲೆ ಮೊದಲ ಗೀತೆ ಬರುತ್ತದೆ, ಮಲಹರಿಯಲ್ಲಿ, ರೂಪಕ ತಾಳಕ್ಕೆ, ‘ಶ್ರೀ ಗಣನಾಥ’. ಮಲಹರಿ ಮಾಯಾಮಾಳವಗೌಳದ ಮಗು. ಅದರಲ್ಲಿ ನಿಷಾದ ಇಲ್ಲವೇ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಶುರುವಾಗುವುದೇ ಮ ಪ | ದ ಸ ಸ ರಿ ಎಂದು, ಆರು ಅಕ್ಷರಕ್ಕೆ ಆರು ಸ್ವರ. ಕೊನೆಯದು ತಾರಸ್ಥಾಯಿಯ ರಿಷಭ. ಷಡ್ಜಕ್ಕೆ ಅಂಟಿಕೊಂಡು ಉಜ್ಜುವ ಅದೇ ರಿ, ಈಗ ಒಂದು ಸ್ಥಾಯಿ ಮೇಲೆ, ಸಾಹಿತ್ಯದ ‘ಥ’ ಅಕ್ಷರದ ಮೇಲೆ. ತಿಂಗಳುಗಟ್ಟಲೆ ಸ ರಿ ಸ, ಸ ರಿ ಸ ಎಂದು ಉಜ್ಜಿದವರು ಅಲ್ಲಿಗೆ ಬಂದಾಗ ಯೋಚಿಸದೆಯೇ ಅದನ್ನು ಮುಟ್ಟುತ್ತಾರೆ. ಮುಟ್ಟಿದ್ದು ಅವರ ಗಮನಕ್ಕೂ ಬರುವುದಿಲ್ಲ. ಅವರ ಕಣ್ಣು ಪುಸ್ತಕದಲ್ಲಿ ‘ಸಿಂಧೂರ ವರ್ಣ’ ಎಲ್ಲಿದೆ ಎಂದು ಹುಡುಕುತ್ತಿರುತ್ತದೆ.